ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರ್: ಕರೆಂಟ್ ಕೊಡುವ ಮೊದಲು ಏನು ಮಾಡಬೇಕು, ಬೆಲೆ ಹೇಗೆ ಕಟ್ಟಬೇಕು

ಹಳೆಯ ಕಂಪ್ಯೂಟರಿಗೆ ಬೆಲೆ ಬಂದಿದೆ ಎಂಬ ಸುದ್ದಿ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳಿಗೂ ಮುಟ್ಟಿದೆ. ಅದರ ಬೆನ್ನಿಗೇ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಅಟ್ಟದಿಂದ ಇಳಿಸಿದೆವು, ಧೂಳು ಒರೆಸಿದೆವು, ಪ್ಲಗ್ ಹಾಕಿ ಸ್ವಿಚ್ ಒತ್ತಿದೆವು, ಢಬ್ ಎಂದು ಸದ್ದಾಗಿ ಹೊಗೆ ಬಂತು, ಈಗೇನು ಮಾಡುವುದು? ಆ ಹೊತ್ತಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದ ಯಂತ್ರಕ್ಕೆ ಕರೆಂಟ್ ಕೊಡುವುದು ಆರನೆಯ ಕೆಲಸ. ಅದನ್ನು ಮೊದಲನೆಯದಾಗಿ ಮಾಡುವುದರಿಂದಲೇ ಯಂತ್ರವೂ ಹಾಳು, ಬೆಲೆಯೂ ಹಾಳು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ.

## ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದ ಸಾಮಾನು

ನಕ್ಷತ್ರ ತಲೆಯ ಮತ್ತು ಚಪ್ಪಟೆ ತಲೆಯ ಸ್ಕ್ರೂಡ್ರೈವರ್‌ಗಳು, ಚಿಕ್ಕ ಕಟಿಂಗ್ ಪ್ಲೈಯರ್, ಡಿಜಿಟಲ್ ಮಲ್ಟಿಮೀಟರ್, ಮೃದು ಬ್ರಶ್, ಹಳೆಯ ಟೂತ್‌ಬ್ರಶ್, ಕಿವಿ ಒರೆಸುವ ಹತ್ತಿಕಡ್ಡಿ, ರಬ್ಬರ್ ಕೈಗವಸು, ಮಾಸ್ಕ್. ದ್ರವಗಳಲ್ಲಿ ಮೂರು ಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಬಿಳಿ ವಿನೆಗರ್ ಕಿರಾಣಿ ಅಂಗಡಿಯಲ್ಲೇ ಇದೆ. ಗೋಬಿ ಮಂಚೂರಿಗೆ ಹಾಕುವುದೇ ಸಾಕು. ಮೂರನೆಯದು ಡಿಸ್ಟಿಲ್ಡ್ ವಾಟರ್, ವಾಹನದ ಬ್ಯಾಟರಿಗೆ ಹಾಕುವ ನೀರು. ಅಂಗಡಿಯಲ್ಲಿ ಕೇಳುವಾಗ ಎಚ್ಚರವಿರಲಿ: ಪಕ್ಕದಲ್ಲೇ ಬ್ಯಾಟರಿ ಆಸಿಡ್ ಕೂಡ ಇರುತ್ತದೆ, ಬಾಟಲಿಗಳು ನೋಡಲು ಒಂದೇ ತರಹ.

ಇನ್ನೊಂದು ಸಾಧನ ಸೀರೀಸ್ ಬಲ್ಬ್ ಬೋರ್ಡ್. ಫೇಸ್ ತಂತಿಯ ನಡುವೆ 100 ವ್ಯಾಟಿನ ಹಳೆಯ ಕಾಲದ ತಂತು ಬಲ್ಬ್ ಬರುವಂತೆ ಕಟ್ಟಿದ ಪ್ಲಗ್ ಬೋರ್ಡ್ ಅದು. ಮೋಟಾರ್, ಮಿಕ್ಸರ್ ರಿಪೇರಿ ಮಾಡುವವರ ಬಳಿ ಇದ್ದೇ ಇರುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ನಿಮಗೆ ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ.

## ಹಂತ 1: ಯಂತ್ರ ಯಾವುದೆಂದು ಗುರುತಿಸಿ

ಮುಂದಿನ ಹೆಸರನ್ನು ನಂಬಬೇಡಿ. ಡಬ್ಬಿಯ ಮೇಲೆ ವಿಪ್ರೊ, ಎಚ್‌ಸಿಎಲ್, ಪಿಸಿಎಲ್, ಜೆನಿತ್ ಎಂದಿದ್ದರೂ ಒಳಗಿನ ಮದರ್‌ಬೋರ್ಡ್ ಎಂದೋ ಬದಲಾಗಿರಬಹುದು. ಹಿಂಬದಿಯನ್ನು ನೋಡಿ. ಕೀಬೋರ್ಡ್ ಸಿಕ್ಕಿಸುವ ಜಾಗ ಐದು ಪಿನ್ನಿನ ದೊಡ್ಡ ದುಂಡು ತೂತಾಗಿದ್ದರೆ ಯಂತ್ರ ಎಕ್ಸ್‌ಟಿ ಅಥವಾ ಎಟಿ (1980ರ ದಶಕದ ಐಬಿಎಂ ಪಿಸಿ ಮಾದರಿಗಳು) ವಂಶದ್ದು. ಒಳಗಿನ ಪ್ರೊಸೆಸರ್ 8088ರಿಂದ ಹಿಡಿದು 286, 386, 486 ದಾಟಿ ಆರಂಭಿಕ ಪೆಂಟಿಯಂವರೆಗೆ ಯಾವುದೂ ಇರಬಹುದು. ಚಿಕ್ಕ ಆರು ಪಿನ್ನಿನದಾಗಿದ್ದು, ಪೋರ್ಟುಗಳೆಲ್ಲ ಒಂದೇ ತಗಡಿನ ಪಟ್ಟಿಯಲ್ಲಿ ಒತ್ತೊತ್ತಾಗಿದ್ದರೆ ಅದು 1995ರ ನಂತರದ ಎಟಿಎಕ್ಸ್ ಮಾದರಿ. ಮಾನಿಟರಿನ ಪೋರ್ಟಿನಲ್ಲಿ 9 ತೂತುಗಳಿದ್ದರೆ ಎಂಡಿಎ, ಹರ್ಕ್ಯುಲಿಸ್, ಸಿಜಿಎ ಅಥವಾ ಇಜಿಎ ಎಂಬ ಹಳೆಯ ಡಿಸ್ಪ್ಲೇ ಬಗೆ; 15 ಇದ್ದರೆ 1987ರಲ್ಲಿ ಬಂದ ವಿಜಿಎ.

ಮುಚ್ಚಳ ತೆಗೆದ ಮೇಲೆ ಇನ್ನೂ ಖಚಿತವಾದ ಗುರುತು ಸಿಗುತ್ತದೆ. ಚಿಪ್ಪುಗಳ ಮೇಲೆ ಕಂಪನಿಯ ಸಂಖ್ಯೆಯ ಕೆಳಗೆ ನಾಲ್ಕು ಅಂಕಿಗಳಿರುತ್ತವೆ. 8734 ಎಂದಿದ್ದರೆ 1987ನೇ ಇಸವಿಯ 34ನೇ ವಾರ ತಯಾರಾದದ್ದು. ಹತ್ತಾರು ಚಿಪ್ ಓದಿ, ಎಲ್ಲಕ್ಕಿಂತ ಈಚಿನದನ್ನು ಬರೆದುಕೊಳ್ಳಿ. ಬೋರ್ಡ್ ಜೋಡಣೆಯಾದದ್ದು ಆಮೇಲೆಯೇ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಗೆ ಇದು ಉತ್ತರ. ಓದುವ ಆತುರದಲ್ಲಿ ಚಿಪ್ಪಿನ ನೆತ್ತಿಗೆ ಅಂಟಿಸಿದ ಕಾಗದದ ಸ್ಟಿಕರ್ ಕೀಳಬೇಡಿ. ಅದರಡಿ ಗಾಜಿನ ಕಿಂಡಿಯಿರುವ ಇಪ್ರಾಮ್, ಅಂದರೆ ಪ್ರೋಗ್ರಾಂ ಹಿಡಿದಿಟ್ಟ ಚಿಪ್, ಇರುತ್ತದೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದೆ.

ಡಬ್ಬಿಯೇ ಇಲ್ಲದೆ ಕೀಬೋರ್ಡ್ ಮಾತ್ರ ಇದ್ದಂತೆ ಕಾಣುವ ಯಂತ್ರ ಸಿಕ್ಕರೆ ಅದನ್ನು ಬೇರೆಯಾಗಿ ಎತ್ತಿಡಿ. 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೊ ಎಂಬ ಬ್ರಿಟಿಷ್ ಕಂಪ್ಯೂಟರ್. ಅದನ್ನೇ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಯೂನಿಕಾರ್ನ್ ಎಂಬ ಹೆಸರಿನಲ್ಲಿ ಇಲ್ಲಿ ಹೊರತಂದಿತು. ಸ್ಪೆಕ್ಟ್ರಮ್ ಎಂಬ ಇನ್ನೊಂದು ಬ್ರಿಟಿಷ್ ಯಂತ್ರದ ಪುಣೆ ರೂಪ ಡೆಸಿಬೆಲ್ಸ್ ಕಂಪನಿಯದು. ಇವನ್ನು "ಬರೀ ಕೀಬೋರ್ಡ್, ಸಿಪಿಯು ಕಳೆದುಹೋಗಿದೆ" ಎಂದು ಗುಜರಿಗೆ ಹಾಕುವವರಿದ್ದಾರೆ. ಅದೇ ಇಡೀ ಕಂಪ್ಯೂಟರ್.

## ಹಂತ 2: ಜೊತೆಯ ಸಾಮಾನು ಹುಡುಕಿ, ಇದ್ದ ಹಾಗೆಯೇ ಫೋಟೊ ತೆಗೆಯಿರಿ

ಒರೆಸುವ ಮೊದಲೇ ಆರೂ ಬದಿಯ ಫೋಟೊ ತೆಗೆಯಿರಿ. ಸೀರಿಯಲ್ ಸಂಖ್ಯೆಯ ಚೀಟಿ, ಸಂಸ್ಥೆಯ ದಾಸ್ತಾನು ಸಂಖ್ಯೆಯನ್ನು ಬಣ್ಣದಲ್ಲಿ ಬರೆದದ್ದು, ಸರ್ವಿಸ್ ಮಾಡಿದವರ ಸ್ಟಿಕರ್ ಎಲ್ಲವೂ ಇರಲಿ. ಆ ಬಣ್ಣದ ಅಂಕಿಯನ್ನು ಥಿನ್ನರ್ ಹಾಕಿ ಉಜ್ಜಿ ತೆಗೆಯುವುದು ಸಾಮಾನ್ಯ ತಪ್ಪು. ಯಂತ್ರ ಎಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಸಂಗ್ರಾಹಕರಿಗೆ ಅದು ಕೊಳೆಯಲ್ಲ.

ಆಮೇಲೆ ಅಟ್ಟಕ್ಕೆ ಮತ್ತೊಮ್ಮೆ ಹತ್ತಿ. ಕೀಬೋರ್ಡ್, ಫ್ಲಾಪಿಗಳು, ಕೈಪಿಡಿ, ಖರೀದಿಯ ಬಿಲ್, ಥರ್ಮೋಕೋಲಿನ ಸಮೇತ ಖಾಲಿ ಪೆಟ್ಟಿಗೆ ಎಲ್ಲವನ್ನೂ ಕೆಳಗಿಳಿಸಿ. ಗದಗಿನ ಮುದ್ರಣಾಲಯಗಳಿಂದ ಬಂದ ಯಂತ್ರಗಳಲ್ಲಿ ಎರಡು ವಸ್ತುಗಳನ್ನು ವಿಶೇಷವಾಗಿ ನೋಡಬೇಕು. ಒಂದು, ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು. ಅದು ಡಿಟಿಪಿ (ಪುಟವಿನ್ಯಾಸ) ತಂತ್ರಾಂಶದ ಬೀಗ. ಅದಿಲ್ಲದೆ ಆ ತಂತ್ರಾಂಶ ತೆರೆಯುವುದೇ ಇಲ್ಲ. ಎರಡು, ಜಿಸ್ಟ್ ಕಾರ್ಡ್. ಡಾಸ್ (ವಿಂಡೋಸಿಗೆ ಮೊದಲಿನ ಕಾರ್ಯಾಚರಣೆ ವ್ಯವಸ್ಥೆ) ಪರದೆಯ ಮೇಲೆ ಕನ್ನಡವೂ ಸೇರಿ ಭಾರತೀಯ ಲಿಪಿಗಳನ್ನು ಮೂಡಿಸಲು ಪುಣೆಯ ಸಿ-ಡ್ಯಾಕ್ ಹೊರತಂದ ಕಾರ್ಡ್ ಅದು. ಉಳಿದದ್ದೆಲ್ಲ ಪ್ರಪಂಚದ ಯಾವ ಮೂಲೆಯಲ್ಲಾದರೂ ಸಿಗುತ್ತದೆ, ಇದು ಇಲ್ಲಿಯೇ ಸಿಗಬೇಕು. ಸಾಧಾರಣವಾಗಿ ಕಾಣುವ 386 ಯಂತ್ರವೊಂದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಈ ಕಾರ್ಡೇ ಆಗಿರಬಹುದು.

ಯಂತ್ರ ಕಾಲೇಜು, ಸಹಕಾರಿ ಸಂಘ ಅಥವಾ ಕಚೇರಿಯದಾಗಿದ್ದರೆ ದಾಸ್ತಾನು ವಹಿಯಿಂದ ತೆಗೆದುಹಾಕಿದ ಬಗ್ಗೆ ಒಂದು ಪತ್ರ ಪಡೆಯದೆ ಹೊರಗೆ ತರಬೇಡಿ. "ಒಯ್ಯಿರಿ, ಯಾರು ಕೇಳುತ್ತಾರೆ" ಎಂದವರು ಮುಂದೆ ಯಾರೋ ಕೇಳಿದಾಗ ಅಲ್ಲಿರುವುದಿಲ್ಲ.

## ಹಂತ 3: ಮುಚ್ಚಳ ತೆಗೆದು ಮೊದಲು ಬ್ಯಾಟರಿ ನೋಡಿ

ಪ್ಲಗ್ ಎಲ್ಲಿಯೂ ಸಿಕ್ಕಿಸಿರಬಾರದು. ಸ್ಕ್ರೂ ಬಿಚ್ಚಿ ಮುಚ್ಚಳ ಸರಿಸಿ, ಕೀಬೋರ್ಡ್ ಪೋರ್ಟಿನ ಆಸುಪಾಸಿನಲ್ಲಿ ಕಣ್ಣಾಡಿಸಿ. 286, 386, 486 ಬೋರ್ಡುಗಳಲ್ಲಿ ಅಲ್ಲೇ ಒಂದು ನೀಲಿ ಅಥವಾ ಹಸಿರು ಬಣ್ಣದ ಪೀಪಾಯಿಯಾಕಾರದ ಬ್ಯಾಟರಿ ಇರುತ್ತದೆ. ಮೈಮೇಲೆ 3.6 ವೋಲ್ಟ್ ಎಂದು ಬರೆದಿರುತ್ತದೆ. ಇದು ನಿಕ್ಕಲ್-ಕ್ಯಾಡ್ಮಿಯಂ. ವರ್ಷಗಳು ಕಳೆದಂತೆ ಸೋರುತ್ತದೆ, ಸೋರಿದ್ದು ಕ್ಷಾರ. ಅದು ತಾಮ್ರದ ಗೆರೆಗಳನ್ನು ತಿನ್ನುತ್ತಾ ಬೋರ್ಡಿನ ಒಳಗೊಳಗೇ ಹರಿಯುತ್ತದೆ. ಪಕ್ಕದ ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ ಕಾಲುಗಳು ಅದರ ಮೊದಲ ತುತ್ತು.

ಎಚ್ಚರಿಕೆಯ ಗುರುತುಗಳು: ಬ್ಯಾಟರಿಯ ತುದಿಯಲ್ಲಿ ಬಿಳಿ ಹರಳು, ಸುತ್ತಲಿನ ತವರದ ಬೆಸುಗೆ ಕಳೆಗುಂದಿ ಬೂದು ಬಣ್ಣಕ್ಕೆ ತಿರುಗಿರುವುದು, ಹಸಿರು-ನೀಲಿ ಹುಡಿ, ಬೋರ್ಡಿನ ಹಸಿರು ಲೇಪನದ ಕೆಳಗೆ ಗೆರೆಗಳು ಕಪ್ಪಾಗಿರುವುದು. ಸೋರದೆ ಚೆನ್ನಾಗಿ ಕಂಡರೂ ಬ್ಯಾಟರಿಯನ್ನು ತೆಗೆದೇ ಬಿಡಿ. ನಾಳೆ ಸೋರುತ್ತದೆ.

ತೆಗೆಯುವ ಕ್ರಮ ಹೀಗಿದೆ. ಕೈಗವಸು ಹಾಕಿಕೊಂಡು ಬ್ಯಾಟರಿಯ ಎರಡೂ ಕಡೆಯ ಕಾಲುಗಳನ್ನು ಪ್ಲೈಯರಿನಿಂದ ಕತ್ತರಿಸಿ. ಎಳೆದು ಕೀಳಬೇಡಿ, ಕ್ಷಾರ ಹಿಡಿದ ತಾಮ್ರ ಬ್ಯಾಟರಿಯ ಜೊತೆಗೇ ಸುಲಿದು ಬರುತ್ತದೆ. ಹತ್ತಿಕಡ್ಡಿಯಿಂದ ಕಲೆಯಾದ ಜಾಗಕ್ಕೆ ಮಾತ್ರ ವಿನೆಗರ್ ಹಚ್ಚಿ. ಸಣ್ಣಗೆ ನೊರೆ ಬರುತ್ತದೆ. ಕ್ಷಾರ ಸಾಯುತ್ತಿದೆ ಎಂದರ್ಥ. ನೊರೆ ನಿಂತ ಮೇಲೆ ಟೂತ್‌ಬ್ರಶ್‌ನಿಂದ ಮೆಲ್ಲಗೆ ಉಜ್ಜಿ, ಡಿಸ್ಟಿಲ್ಡ್ ವಾಟರಿನಿಂದ ತೊಳೆಯಿರಿ, ಕೊನೆಗೆ ಐಸೊಪ್ರೊಪೈಲ್ ಹಚ್ಚಿ ಒಣಗಿಸಿ. ವಿನೆಗರ್ ಉಳಿದರೆ ಅದೂ ಲೋಹವನ್ನು ತಿನ್ನುತ್ತದೆ, ಆದ್ದರಿಂದ ತೊಳೆಯುವುದರಲ್ಲಿ ಜುಗ್ಗತನ ಬೇಡ. ವಿನೆಗರ್ ಬದಲು ಲಿಂಬೆರಸ ಹಿಂಡುವವರಿದ್ದಾರೆ. ಹುಳಿ ಸರಿ, ಆದರೆ ಅದರ ಅಂಟು ಮತ್ತು ತಿರುಳು ಬೋರ್ಡಿನಲ್ಲೇ ಕೂತು ಇರುವೆಗಳನ್ನು ಕರೆಯುತ್ತವೆ.

ತೆಗೆದ ಜಾಗಕ್ಕೆ ಈಗಿನ ಬಿಲ್ಲೆ ಬ್ಯಾಟರಿಯನ್ನು ನೇರವಾಗಿ ಬೆಸೆಯುವುದು ಅಪಾಯ. ಹಳೆಯ ಬೋರ್ಡ್ ತನ್ನ ಬ್ಯಾಟರಿಯನ್ನು ಚಾರ್ಜ್ ಮಾಡಲು ನೋಡುತ್ತದೆ. ಚಾರ್ಜ್ ಆಗಬಾರದ ಲಿಥಿಯಂ ಸೆಲ್ ಬಿಸಿಯಾಗಿ ಸಿಡಿಯಬಹುದು. ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಬೇಕು. ಅನೇಕ ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆಂದೇ ನಾಲ್ಕು ಪಿನ್ನಿನ ಜಾಗವಿದೆ. ಅದನ್ನು ಬಳಸುವುದು ಉತ್ತಮ. ಸದ್ಯಕ್ಕೆ ಬ್ಯಾಟರಿ ಇಲ್ಲದೆಯೂ ಪರೀಕ್ಷೆ ನಡೆಯುತ್ತದೆ, ದಿನಾಂಕ ಮತ್ತು ಡಿಸ್ಕಿನ ವಿವರ ಮರೆತುಹೋಗುತ್ತದೆ ಅಷ್ಟೆ. ಡಿಸ್ಕಿನ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳಿದ್ದರೆ ಈಗಲೇ ಬರೆದಿಟ್ಟುಕೊಳ್ಳಿ.

ಎಕ್ಸ್‌ಟಿ ಯಂತ್ರದ ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಆದರೆ ಗಡಿಯಾರ ಇರುವ ಹೆಚ್ಚುವರಿ ಕಾರ್ಡ್ ಹಾಕಿಸಿದ್ದರೆ ಅದರಲ್ಲಿ ಇರಬಹುದು, ನೋಡದೆ ಬಿಡಬೇಡಿ.

## ಹಂತ 4: ಧೂಳು ತೆಗೆಯಿರಿ

ಧಾರವಾಡದ ಅಟ್ಟದಲ್ಲಿದ್ದ ಯಂತ್ರಕ್ಕೆ ಮಳೆಗಾಲದ ತೇವ ಶತ್ರು, ಗದಗಿನದಕ್ಕೆ ಮಣ್ಣು. ಬ್ಯಾಡಗಿಯ ದಲಾಲಿ ಅಂಗಡಿಯಿಂದ ಬಂದದ್ದಾದರೆ ಮಾಸ್ಕ್ ಇಲ್ಲದೆ ಮುಚ್ಚಳ ತೆಗೆಯಬೇಡಿ. ಫ್ಯಾನ್ ಎಳೆದುಕೊಂಡ ಮೆಣಸಿನಕಾಯಿ ಧೂಳು ಪವರ್ ಸಪ್ಲೈ ಜಾಲರಿಯ ಹಿಂದೆ ಕಂದು-ಕೆಂಪು ಪದರವಾಗಿ ಕೂತಿರುತ್ತದೆ, ಬ್ಲೋವರ್ ಹಿಡಿದ ಕ್ಷಣ ಕಣ್ಣು ಮೂಗು ಎರಡನ್ನೂ ಹಿಡಿಯುತ್ತದೆ.

ಅಂಗಳದಲ್ಲೋ ಕಟ್ಟೆಯ ಮೇಲೋ ಇಟ್ಟು ಗಾಳಿ ಹೊಡೆಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅತಿ ವೇಗದಲ್ಲಿ ತಿರುಗಿದರೆ ಅದರ ಬೇರಿಂಗ್ ಹಾಳು. ಇಲಿ ಗೂಡು, ಹಲ್ಲಿ ಮೊಟ್ಟೆ, ಜಿರಲೆ ಹಿಕ್ಕೆ ಇದ್ದರೆ ಕೈಗವಸು ಬಿಚ್ಚಬೇಡಿ. ಇಲಿಯ ಮೂತ್ರ ಬಿದ್ದ ಕಡೆ ಲೋಹ ತುಕ್ಕು ಹಿಡಿದಿರುತ್ತದೆ. ಅಲ್ಲಿಗೆ ಡಿಸ್ಟಿಲ್ಡ್ ವಾಟರ್, ಆಮೇಲೆ ಐಸೊಪ್ರೊಪೈಲ್. ಕಾರ್ಡುಗಳನ್ನು ಒಂದೊಂದಾಗಿ ಬಿಚ್ಚಿ, ಯಾವ ಸ್ಲಾಟಿನಲ್ಲಿತ್ತೆಂದು ಫೋಟೊ ಇಟ್ಟುಕೊಂಡು, ಅಂಚಿನ ಚಿನ್ನದ ಪಟ್ಟಿಗಳನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ. ಚಳಿಗಾಲದ ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ; ಕಾರ್ಡ್ ಮುಟ್ಟುವ ಮೊದಲು ಡಬ್ಬಿಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ.

## ಹಂತ 5: ಪವರ್ ಸಪ್ಲೈ ಬೇರ್ಪಡಿಸಿ ಪರೀಕ್ಷಿಸಿ

ಹೊಗೆಯ ಕಥೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ.

ಮೊದಲು ಹಿಂಬದಿಯ ಕೆಂಪು ಸ್ವಿಚ್ ನೋಡಿ. 115 ಮತ್ತು 230 ಎಂಬ ಎರಡು ಅಂಕಿಗಳಲ್ಲಿ 230 ಕಾಣಬೇಕು. ಮಕ್ಕಳು ಆಟಕ್ಕೆ ಸರಿಸಿದ್ದು 115ರಲ್ಲಿ ನಿಂತಿದ್ದರೆ ನಮ್ಮ ಮನೆಯ ಕರೆಂಟ್ ತಾಗಿದ ಕೂಡಲೇ ಒಳಗಿನ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಸಿಡಿಯುತ್ತದೆ.

ಎರಡನೆಯದು ಕರೆಂಟ್ ಒಳಗೆ ಬರುವ ಕಡೆ ಇರುವ ಕಾಗದದ ಕೆಪಾಸಿಟರ್. ರಿಫಾ ಕಂಪನಿಯ ಹಳದಿ ಪಾರದರ್ಶಕ ಕವಚದವು ಕುಖ್ಯಾತ. ಬಿಬಿಸಿ ಮೈಕ್ರೊ ಯಂತ್ರಗಳಲ್ಲಿ ಇವು ಸಾಮಾನ್ಯ. ಕವಚದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು, ಅದರಿಂದ ತೇವ ಒಳಗೆ ಹೋಗಿ, ಕರೆಂಟ್ ಕೊಟ್ಟ ಕೆಲವೇ ನಿಮಿಷದಲ್ಲಿ ಘಾಟು ಹೊಗೆ ಬರುತ್ತದೆ. ಧಾರವಾಡದ ನಾಲ್ಕು ತಿಂಗಳ ಜಿಟಿಜಿಟಿ ಮಳೆಯನ್ನು ವರ್ಷ ವರ್ಷವೂ ಕುಡಿದ ಕೆಪಾಸಿಟರ್ ಇದು ಎಂಬುದು ನೆನಪಿರಲಿ. ಬಿರುಕು ಕಾಣಲಿ ಬಿಡಲಿ, ಬದಲಿಸುವುದೇ ಸರಿ. ಹೊಸದು ಎಕ್ಸ್2 ದರ್ಜೆಯದೇ (ಮನೆಯ ಕರೆಂಟಿಗೆ ನೇರವಾಗಿ ಜೋಡಿಸಲೆಂದೇ ಮಾಡಿದ್ದು) ಆಗಿರಬೇಕು. ಸಾಮಾನ್ಯ ಕೆಪಾಸಿಟರ್ ಹಾಕಿದರೆ ಬೆಂಕಿಗೆ ದಾರಿ.

ಪವರ್ ಸಪ್ಲೈ ಡಬ್ಬಿಯನ್ನು ನೀವೇ ಬಿಚ್ಚಬೇಕೆ? ನನ್ನ ಉತ್ತರ, ಬೇಡ. 230 ವೋಲ್ಟ್ ಒಳಗೆ ಹೋದ ಮೇಲೆ ಸುಮಾರು 325 ವೋಲ್ಟ್ ನೇರ ವಿದ್ಯುತ್ (ಡಿಸಿ) ಆಗುತ್ತದೆ, ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ನಿಂತಿರಬಹುದು. ಟಿವಿ, ಎಸ್‌ಎಂಪಿಎಸ್ (ಇದೇ ಬಗೆಯ ಪವರ್ ಸಪ್ಲೈ) ರಿಪೇರಿಯಲ್ಲಿ ಕೈ ಪಳಗಿದವರು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದಾರೆ; ಅವರಿಗೆ ಇದು ಅರ್ಧ ಗಂಟೆಯ ಕೆಲಸ. ಆದರೆ "ಇದನ್ನು ಬಿಡಿ, ಹೊಸ ಎಸ್‌ಎಂಪಿಎಸ್ ಹಾಕಿಬಿಡೋಣ" ಎಂಬ ಸಲಹೆಗೆ ಒಪ್ಪಬೇಡಿ. ಹಳೆಯದನ್ನೇ ಸರಿಮಾಡಲು ಹೇಳಿ, ತೆಗೆದ ಭಾಗವನ್ನು ಕೇಳಿ ಪಡೆಯಿರಿ.

ಎಟಿ ಡಬ್ಬಿಗಳಲ್ಲಿ ಮುಂಬದಿಯ ಸ್ವಿಚ್ಚಿಗೆ ಪವರ್ ಸಪ್ಲೈಯಿಂದ ದಪ್ಪ ಕೇಬಲ್ ಬಂದಿರುತ್ತದೆ. ಅದರ ನಾಲ್ಕು ತಂತಿಗಳಲ್ಲಿ ಹರಿಯುವುದು ಮನೆಯ 230 ವೋಲ್ಟ್ ಕರೆಂಟೇ. ಬಿಚ್ಚುವ ಮೊದಲು ಯಾವ ಬಣ್ಣ ಎಲ್ಲಿತ್ತೆಂದು ಫೋಟೊ ತೆಗೆಯಿರಿ. ಅದಲುಬದಲಾದರೆ ಫೇಸ್ ಮತ್ತು ನ್ಯೂಟ್ರಲ್ ನೇರ ಕೂಡಿ ಮನೆಯ ಫ್ಯೂಸ್ ಹಾರುತ್ತದೆ.

ಈಗ ಪರೀಕ್ಷೆ. ಮದರ್‌ಬೋರ್ಡಿನಿಂದ ಎಲ್ಲ ಕನೆಕ್ಟರ್ ಬಿಚ್ಚಿ. ಒಂದು ಬೇಡವಾದ ಹಾರ್ಡ್ ಡಿಸ್ಕ್ ಸಿಕ್ಕಿಸಿ. ಹೊರೆಯಿಲ್ಲದೆ ಎಷ್ಟೋ ಹಳೆಯ ಪವರ್ ಸಪ್ಲೈಗಳು ಶುರುವೇ ಆಗುವುದಿಲ್ಲ, ಅದನ್ನು ಕಂಡು ಕೆಟ್ಟಿದೆ ಎಂದು ಎಸೆದವರು ಬಹಳ. ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಸಾಕೆಟ್ಟಿಗೆ ಸೀರೀಸ್ ಬಲ್ಬ್ ಬೋರ್ಡ್ ಹಾಕಿ, ಅದರ ಮೂಲಕ ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಿರಿ. ಮಂಕು-ಬೆಳಕು ಮಂಕು-ಬೆಳಕು ಎಂದು ಮಿಡಿಯುತ್ತಿದ್ದರೆ ಬಲ್ಬ್ ಸಾಲುತ್ತಿಲ್ಲ ಅಥವಾ ಹೊರೆ ಸರಿಯಿಲ್ಲ.

ಬಲ್ಬಿನ ಪರೀಕ್ಷೆಯಲ್ಲಿ ಪಾಸಾದ ಮೇಲೆ ಬಲ್ಬ್ ಬೋರ್ಡ್ ಬಿಟ್ಟು ನೇರವಾಗಿ ಸಾಕೆಟ್ಟಿನಿಂದ ಕರೆಂಟ್ ಕೊಟ್ಟು ವೋಲ್ಟೇಜ್ ಅಳೆಯಿರಿ. ಕಪ್ಪು ತಂತಿಗೆ ಮಲ್ಟಿಮೀಟರಿನ ಕಪ್ಪು ಕಡ್ಡಿ. ಕೆಂಪು ತಂತಿಯಲ್ಲಿ 4.75ರಿಂದ 5.25, ಹಳದಿಯಲ್ಲಿ 11.4ರಿಂದ 12.6 ವೋಲ್ಟ್ ಇರಬೇಕು. 5ರ ಬದಲು 5.6 ತೋರಿಸುವ ಪವರ್ ಸಪ್ಲೈ "ಹೆಚ್ಚು ಶಕ್ತಿ"ಯದಲ್ಲ, ಚಿಪ್ ಸುಡುವಂಥದು. ಎಟಿಎಕ್ಸ್ ಮಾದರಿಯಾದರೆ ಹಸಿರು ತಂತಿಯನ್ನು ಕಪ್ಪಿನೊಂದಿಗೆ ಕೂಡಿಸಿದಾಗ ಮಾತ್ರ ಶುರುವಾಗುತ್ತದೆ.

## ಹಂತ 6: ಈಗ ಕರೆಂಟ್

ಮದರ್‌ಬೋರ್ಡಿನ ಪವರ್ ಕನೆಕ್ಟರಿನಲ್ಲಿ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ, 12 ವೋಲ್ಟ್ ಮತ್ತು ಗ್ರೌಂಡ್ ನಡುವೆ ರೋಧ ಅಳೆಯಿರಿ. ಸೊನ್ನೆಯ ಹತ್ತಿರ ಬಂದು ಮೀಟರ್ ಕೂಗಿದರೆ ಯಾವುದೋ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿದೆ. ಹುಣಸೆಬೀಜದ ಗಾತ್ರದ ಹಳದಿ ಅಥವಾ ಕಿತ್ತಳೆ ಹನಿಗಳವು. ಮೊದಲ ತಲೆಮಾರಿನ ಪಿಸಿಗಳಲ್ಲಿ 12 ವೋಲ್ಟ್ ಸಾಲಿನವು ಹೀಗೆ ಕೈಕೊಡುವುದು ಮಾಮೂಲು. ಬದಲಿಸದೆ ಮುಂದೆ ಹೋಗಬೇಡಿ. 2000ರ ಆಸುಪಾಸಿನ ಬೋರ್ಡಾದರೆ ಪ್ರೊಸೆಸರಿನ ಸುತ್ತ ನಿಂತ ಉರುಟು ಕೆಪಾಸಿಟರುಗಳ ನೆತ್ತಿ ನೋಡಿ. ಉಬ್ಬಿದ್ದರೆ, ಕಂದು ಕಸರು ಕಾಣಿಸಿದರೆ ಅವೂ ಹೋಗಬೇಕು.

ಎಟಿ ಬೋರ್ಡಿಗೆ ಪಿ8, ಪಿ9 ಎಂಬ ಎರಡು ಕನೆಕ್ಟರ್. ಅವನ್ನು ಅದಲುಬದಲು ಮಾಡಿಯೂ ಸಿಕ್ಕಿಸಬಹುದು, ಹಾಗೆ ಮಾಡಿದರೆ ಬೋರ್ಡ್ ಸತ್ತಂತೆ. ನಿಯಮ ಒಂದೇ: ಎರಡರ ಕಪ್ಪು ತಂತಿಗಳು ನಡುವೆ ಪಕ್ಕಪಕ್ಕ ಬರಬೇಕು.

ಡಿಸ್ಪ್ಲೇ ಕಾರ್ಡ್ ಮತ್ತು ಮೆಮೊರಿ ಮಾತ್ರ ಹಾಕಿ. ಹಾರ್ಡ್ ಡಿಸ್ಕ್ ಈಗ ಬೇಡ. ಸ್ಪೀಕರ್ ತಂತಿ ಸಿಕ್ಕಿಸಲು ಮರೆಯಬೇಡಿ, ಕೆಟ್ಟದ್ದೇನೆಂದು ಯಂತ್ರ ಅದರಿಂದಲೇ ಹೇಳುತ್ತದೆ. ಕೋಣೆಯಲ್ಲೇ ಇರಿ, ಕೈ ಸ್ವಿಚ್ಚಿನ ಹತ್ತಿರವಿರಲಿ. ಒಂದು ಚಿಕ್ಕ ಬೀಪ್ ಬಂದು ಪರದೆಯಲ್ಲಿ ಮೆಮೊರಿ ಎಣಿಕೆ ಓಡಿದರೆ ಬೋರ್ಡ್ ಜೀವಂತ. ಒಂದು ಉದ್ದ ಎರಡು ಚಿಕ್ಕ ಬೀಪ್ ಬಂದರೆ ಅವಾರ್ಡ್ ಕಂಪನಿಯ ಬಯಾಸಿನಲ್ಲಿ (ಯಂತ್ರವನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ) ಡಿಸ್ಪ್ಲೇ ದೋಷ; ಎಎಂಐ ಬಯಾಸಿನಲ್ಲಿ ಮೂರು ಚಿಕ್ಕವು ಬಂದರೆ ಮೆಮೊರಿ, ಎಂಟು ಬಂದರೆ ಡಿಸ್ಪ್ಲೇ ಮೆಮೊರಿ. ಎರಡಕ್ಕೂ ಮೊದಲ ಮದ್ದು, ಬಿಚ್ಚಿ ಒರೆಸಿ ಮತ್ತೆ ಗಟ್ಟಿಯಾಗಿ ಕೂರಿಸುವುದು.

ಕೀಬೋರ್ಡ್ ಕೆಲಸ ಮಾಡದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಎಕ್ಸ್‌ಟಿ ಮತ್ತು ಎಟಿ ಕೀಬೋರ್ಡುಗಳ ಪ್ಲಗ್ ಒಂದೇ, ಒಳಗಿನ ಮಾತು ಬೇರೆ. ಕೆಲವಕ್ಕೆ ಅಡಿಯಲ್ಲಿ ಎಕ್ಸ್, ಎ ಎಂಬ ಸಣ್ಣ ಸ್ವಿಚ್ ಇರುತ್ತದೆ, ಸರಿಸಿ ನೋಡಿ. ಒಂಬತ್ತು ಪಿನ್ನಿನ ಮಾನಿಟರುಗಳಲ್ಲಿ ಮಾತ್ರ ಈ ಪ್ರಯೋಗ ಸಲ್ಲದು: ಎಂಡಿಎ ಹಸಿರು ಪರದೆಯನ್ನು ಸಿಜಿಎ ಕಾರ್ಡಿಗೆ ಹಾಕಿದರೆ ಪ್ಲಗ್ ಕೂರುತ್ತದೆ, ಮಾನಿಟರ್ ಸುಡಬಹುದು. ಚಿತ್ರನಳಿಕೆಯ ಮಾನಿಟರಿನ ಹಿಂಬದಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಅಲ್ಲಿರುವುದು ಸಾವಿರಾರು ವೋಲ್ಟ್, ಆರಿಸಿದ ಮೇಲೂ ಉಳಿಯುತ್ತದೆ.

## ಹಂತ 7: ಡಿಸ್ಕಿನಲ್ಲಿರುವುದನ್ನು ಮೊದಲು ನಕಲಿಸಿ

ಹಾರ್ಡ್ ಡಿಸ್ಕಿನಿಂದ ಯಂತ್ರವನ್ನು ಬೂಟ್ ಮಾಡುವ ಆಸೆಯನ್ನು ಸ್ವಲ್ಪ ತಡೆದುಕೊಳ್ಳಿ. ಹಳೆಯ ಡಿಸ್ಕ್ ಕೊನೆಯ ಬಾರಿ ತಿರುಗುವುದು ಇದೇ ಆಗಿರಬಹುದು. ಆ ಅವಕಾಶ ನಕಲಿಗೆ ಹೋಗಲಿ.

ಅಗಲವಾದ 40 ಪಿನ್ನಿನ ಒಂದೇ ಕೇಬಲ್ ಇದ್ದರೆ ಅದು ಐಡಿಇ. ಜಂಪರನ್ನು (ಡಿಸ್ಕಿನ ಪಿನ್ನುಗಳ ಮೇಲಿನ ಪುಟ್ಟ ಟೊಪ್ಪಿಗೆ) ಮಾಸ್ಟರ್‌ಗೆ ಇಟ್ಟು, ಯುಎಸ್‌ಬಿ ಅಡಾಪ್ಟರ್ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿಬಿಂಬ ತೆಗೆಯಿರಿ. ವಿಂಡೋಸಿಗೆ ಜೋಡಿಸಿದರೆ "ಫಾರ್ಮ್ಯಾಟ್ ಮಾಡಬೇಕೇ" ಎಂದು ಕೇಳುತ್ತದೆ. ಅಭ್ಯಾಸಬಲದಿಂದ ಹೌದು ಎಂದು ಒತ್ತಿ ಕಳೆದುಕೊಂಡವರ ಪಟ್ಟಿ ಉದ್ದವಿದೆ. 90ರ ದಶಕದ ಆರಂಭದ ಚಿಕ್ಕ ಐಡಿಇ ಡಿಸ್ಕುಗಳನ್ನು ಇಂಥ ಅಡಾಪ್ಟರುಗಳು ಗುರುತಿಸುವುದೇ ಇಲ್ಲ. ಡಿಸ್ಕ್ ಸತ್ತಿಲ್ಲ, ಅಡಾಪ್ಟರಿಗೆ ಅದರ ಹಳೆಯ ವಿಳಾಸ ಪದ್ಧತಿ ಬಾರದು. ಪೆಂಟಿಯಂ ಕಾಲದ ಯಂತ್ರಕ್ಕೆ ಜೋಡಿಸಿ ಅಲ್ಲಿಂದ ನಕಲಿಸಬೇಕು. 34 ಮತ್ತು 20 ಪಿನ್ನಿನ ಎರಡು ಕೇಬಲ್ ಇದ್ದರೆ ಅದು ಇನ್ನೂ ಹಳೆಯ ಎಂಎಫ್‌ಎಂ ಬಗೆ. ಡಿಸ್ಕ್ ಮತ್ತು ಅದರ ಕಂಟ್ರೋಲರ್ ಕಾರ್ಡನ್ನು ಎಂದೂ ಅಗಲಿಸಬೇಡಿ, ಬೇರೆ ಕಾರ್ಡಿನಲ್ಲಿ ಅದು ಓದಲು ಬರದೇ ಹೋಗಬಹುದು.

ಫ್ಲಾಪಿಗಳನ್ನು ಡ್ರೈವಿಗೆ ತುರುಕುವ ಮೊದಲು ಕಿಂಡಿಯಲ್ಲಿ ಕಾಣುವ ಕಪ್ಪು ತಟ್ಟೆ ನೋಡಿ. ಮಂಜು ಕವಿದಂಥ ಬಿಳಿ ಕಲೆಗಳಿದ್ದರೆ ಬೂಷ್ಟು. ಅದು ಡ್ರೈವಿನ ಹೆಡ್ಡಿಗೆ ಅಂಟಿಕೊಂಡು, ಮುಂದೆ ಹಾಕುವ ಪ್ರತಿಯೊಂದು ಫ್ಲಾಪಿಯನ್ನೂ ಕೆರೆಯುತ್ತದೆ. ಬೂಷ್ಟು ಹಿಡಿದವನ್ನು ಬೇರೆಯಿಡಿ, ಪ್ರತಿ ಹತ್ತಕ್ಕೊಮ್ಮೆ ಹೆಡ್ಡನ್ನು ಐಸೊಪ್ರೊಪೈಲಿನಿಂದ ಒರೆಸಿ.

ಕನ್ನಡ ಕಡತಗಳ ವಿಷಯ ಬೇರೆಯೇ. ನುಡಿ, ಬರಹ, ಶ್ರೀಲಿಪಿಯಲ್ಲಿ ಬರೆದ ಹಳೆಯ ಕಡತಗಳಲ್ಲಿ ಹೆಚ್ಚಿನವು ಯೂನಿಕೋಡ್ (ಈಗಿನ ಕಂಪ್ಯೂಟರುಗಳೆಲ್ಲ ಓದುವ ಅಕ್ಷರ ಸಂಕೇತ) ಅಲ್ಲ. ಕಡತವನ್ನು ಮಾತ್ರ ನಕಲಿಸಿದರೆ ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. "ಫೈಲ್ ಕೆಟ್ಟಿದೆ" ಎಂದು ಅಳಿಸಿಬಿಡುತ್ತಾರೆ. ಕೆಟ್ಟಿರುವುದಿಲ್ಲ. ಫಾಂಟ್ ಕಡತಗಳನ್ನೂ ಜೊತೆಗೇ ನಕಲಿಸಿಕೊಳ್ಳಿ, ಆಮೇಲೆ ಪರಿವರ್ತಕದಿಂದ ಯೂನಿಕೋಡಿಗೆ ತನ್ನಿ. ಮುದ್ರಣಾಲಯದ ಯಂತ್ರವೊಂದರಲ್ಲಿ ಊರಿನ ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆಗಳೆಲ್ಲ ಹೀಗೆ ಕೂತಿರುತ್ತವೆ. ಯಂತ್ರಕ್ಕಿಂತ ಅವೇ ಮುಖ್ಯವೆಂದು ನಾನು ಹೇಳುತ್ತೇನೆ, ಸಂಗ್ರಾಹಕರು ಒಪ್ಪದಿದ್ದರೂ ಸರಿ.

ಸಂಘದ ಸದಸ್ಯರ ಖಾತೆ, ಆಸ್ಪತ್ರೆಯ ದಾಖಲೆ, ದಲಾಲಿ ಅಂಗಡಿಯ ಲೆಕ್ಕ ಸಿಕ್ಕರೆ ಮೂಲ ಮಾಲೀಕರಿಗೆ ನಕಲು ಕೊಟ್ಟು, ಮಾರುವ ಮೊದಲು ಅಳಿಸಿ. ಪರರ ಲೆಕ್ಕಪತ್ರ ಮಾರಾಟದ ಸರಕಲ್ಲ.

## ಹಂತ 8: ಹಳದಿ ಬಣ್ಣಕ್ಕೆ ಕೈ ಹಚ್ಚಬೇಕೆ?

ಬೂದು ಪ್ಲಾಸ್ಟಿಕ್ ಹಳದಿಯಾದರೆ ಕೂದಲಿಗೆ ಬಣ್ಣ ಹಾಕುವಾಗ ಬಳಸುವ 6ರಿಂದ 12 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಟ್ಟರೆ ಬಿಳುಪು ಮರಳುತ್ತದೆ. ಗದಗಿನ ಮಾರ್ಚ್ ಬಿಸಿಲು ಸಾಕಷ್ಟು. ಆದರೆ ಕ್ರೀಮ್ ಒಣಗಿದ ಕಡೆ ಮಚ್ಚೆ ಮೂಡುತ್ತದೆ, ಅದು ಹೋಗುವುದಿಲ್ಲ. ಬಿಳುಪಾದದ್ದೂ ಕೆಲ ವರ್ಷಗಳಲ್ಲಿ ಮತ್ತೆ ಹಳದಿಯಾಗಬಹುದು. ಮಾರುವ ಉದ್ದೇಶವಿದ್ದರೆ ಮಾಡಬೇಡಿ. ಸೋಪು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಪೇಂಟ್ ಹೊಡೆಯುವುದಂತೂ ಬೆಲೆಯನ್ನು ಅರ್ಧಕ್ಕೆ ಇಳಿಸುವ ಖಾತರಿ ದಾರಿ.

## ಹಂತ 9: ಬೆಲೆ ಕಟ್ಟುವುದು

2014ರಲ್ಲಿ ಆ್ಯಪಲ್-1 ಯಂತ್ರವೊಂದು ಹರಾಜಿನಲ್ಲಿ 9,05,000 ಡಾಲರಿಗೆ ಹೋಯಿತು. ಆ ಸುದ್ದಿಯ ತುಣುಕನ್ನು ಹಿಡಿದು ಪೆಂಟಿಯಂ 4ಕ್ಕೆ ಲಕ್ಷಗಟ್ಟಲೆ ಕೇಳುವವರಿಗೆ ಒಂದೇ ಮಾತು: ಆ್ಯಪಲ್-1 ತಯಾರಾದದ್ದೇ ಸುಮಾರು 200. ಪೆಂಟಿಯಂ 4 ಪ್ರತಿ ಓಣಿಯಲ್ಲೂ ಇದೆ.

ನಮ್ಮ ಕಡೆ ಸಿಗುವವುಗಳಲ್ಲಿ ಬೇಡಿಕೆಯ ಶ್ರೇಣಿ ಸ್ಥೂಲವಾಗಿ ಹೀಗಿದೆ. ಮೇಲೆ ನಿಲ್ಲುವವು ಬಿಬಿಸಿ ಮೈಕ್ರೊ, ಯೂನಿಕಾರ್ನ್, ಸ್ಪೆಕ್ಟ್ರಮ್ ವರ್ಗದವು. ಆಮೇಲೆ ಭಾರತೀಯ ಕಂಪನಿಗಳ ಎಕ್ಸ್‌ಟಿ ಮತ್ತು 286, ತಮ್ಮದೇ ಕೀಬೋರ್ಡ್ ಮತ್ತು ಹಸಿರು ಪರದೆಯ ಮಾನಿಟರ್ ಜೊತೆಗಿದ್ದರೆ. 386, 486 ಯಂತ್ರಗಳನ್ನು ಡಾಸ್ ಆಟಗಳ ಮೋಹದವರು ಕೊಳ್ಳುತ್ತಾರೆ. ಸೌಂಡ್ ಬ್ಲಾಸ್ಟರ್ ಕಾರ್ಡ್ ಇದ್ದರೆ ಬೆಲೆ ಏರುತ್ತದೆ. ಪೆಂಟಿಯಂ ಕಾಲದ ಡಬ್ಬಿಗೆ ಬೆಲೆ ಇಲ್ಲದಿದ್ದರೂ ಒಳಗಿನ ವೂಡೂ ಗ್ರಾಫಿಕ್ಸ್ ಕಾರ್ಡಿಗೆ ಇರುತ್ತದೆ. ಟಿವಿಎಸ್ ಗೋಲ್ಡ್‌ನಂಥ ಟಕಟಕ ಸದ್ದಿನ ಕೀಬೋರ್ಡನ್ನು ಬೇರೆಯಾಗಿಯೂ ಕೇಳುತ್ತಾರೆ. ಕೊಳ್ಳುವವರಲ್ಲಿ ಹೆಚ್ಚಿನವರು ಇದೇ ಯಂತ್ರದ ಮುಂದೆ ಕೂತು ವರ್ಡ್‌ಸ್ಟಾರ್, ಫಾಕ್ಸ್‌ಪ್ರೊ ಕಲಿತವರು. ಅವರಿಗೆ ಬೇಕಾದದ್ದು ಆ ಕೀಲಿಯ ಸದ್ದು, ಆ ಪರದೆಯ ಬಣ್ಣ. ಹೊಸ ಎಲ್‌ಸಿಡಿ ಜೋಡಿಸಿ "ಇನ್ನೂ ಚೆನ್ನಾಗಿದೆ" ಎಂದು ತೋರಿಸಿದರೆ ಬೆಲೆ ಇಳಿಯುತ್ತದೆ.

ಬೆಲೆ ನೋಡುವಾಗ ಮಾರುವವರು ಕೇಳಿದ್ದನ್ನು ಬಿಟ್ಟು ಕೊಂಡವರು ಕೊಟ್ಟದ್ದನ್ನು ನೋಡಿ. ಇಬೇಯಲ್ಲಿ ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಆಯ್ಕೆಯಿದೆ. ವಿದೇಶದ ಬೆಲೆಯನ್ನು ರೂಪಾಯಿಗೆ ಗುಣಿಸಿ ಹಿಗ್ಗಬೇಡಿ. ಲೋಹದ ಡಬ್ಬಿ, ಗಾಜಿನ ಮಾನಿಟರಿನ ಸಾಗಣೆ ಖರ್ಚೇ ಲಾಭ ನುಂಗುತ್ತದೆ. ಮೊದಲು ಕೊಳ್ಳಬಂದವರು ಪ್ರೊಸೆಸರ್ ಮಾತ್ರ ಕೇಳಿದರೆ ಕೊಡಬೇಡಿ. ಸೆರಾಮಿಕ್ ಮೈಯ 386, 486, ಪೆಂಟಿಯಂ ಪ್ರೊಗಳನ್ನು ಚಿನ್ನ ಬಿಡಿಸಲು ಒಯ್ಯುತ್ತಾರೆ, ಉಳಿದದ್ದು ನಿಮ್ಮ ಕೈಯಲ್ಲಿ ಕಿಲೋ ಲೆಕ್ಕದ ತಗಡಾಗುತ್ತದೆ.

ಯಾವ ರೀತಿಯಲ್ಲೂ ಬೆಲೆಯಿಲ್ಲದ್ದನ್ನು ಬೀದಿಯ ಗುಜರಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಮಾನಿಟರಿನ ಗಾಜಿನಲ್ಲಿ ಸೀಸವಿದೆ, ತೆಗೆದಿಟ್ಟ ಬ್ಯಾಟರಿಯಲ್ಲಿ ಕ್ಯಾಡ್ಮಿಯಂ ಇದೆ, ಎರಡನ್ನೂ ಒಡೆಯಬೇಡಿ.

## ಹಂತ 10: ಇಡುವುದು, ಕೊಡುವುದು

ಮಾರುವವರೆಗೆ ನೆಲದಿಂದ ಎತ್ತರದಲ್ಲಿ, ಹತ್ತಿಬಟ್ಟೆ ಮುಚ್ಚಿ, ಸಿಲಿಕಾ ಜೆಲ್ ಚೀಲಗಳೊಂದಿಗೆ ಇಡಿ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೆ ಮಳೆಗಾಲದ ತೇವ ಒಳಗೇ ಉಳಿಯುತ್ತದೆ. ಹಿಂಬದಿಯಲ್ಲಿ ಕಾರ್ಡ್ ಇಲ್ಲದ ಕಿಂಡಿಗಳನ್ನು ತಗಡಿನ ಪಟ್ಟಿಯಿಂದ ಮುಚ್ಚಿ, ಇಲಿ ಬರುವುದು ಅಲ್ಲಿಂದಲೇ.

ಸಾಗಿಸುವಾಗ ಎಂಎಫ್‌ಎಂ ಡಿಸ್ಕ್ ಇದ್ದರೆ ಆರಿಸುವ ಮೊದಲು ಪಾರ್ಕ್ ಆಜ್ಞೆ ಕೊಡಿ, ಅದು ಡಿಸ್ಕಿನ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಸರಿಸುತ್ತದೆ. ಭಾರವಾದ ಕಾರ್ಡುಗಳನ್ನು ಬಿಚ್ಚಿ ಬೇರೆ ಕಟ್ಟಿ. ಚಿತ್ರನಳಿಕೆಯ ಮಾನಿಟರನ್ನು ದಪ್ಪ ಸ್ಪಂಜಿನ ಮೇಲೆ ಮುಖ ಕೆಳಗಾಗಿ ಇಡಬೇಕು. ಭಾರವೆಲ್ಲ ಮುಂದಿನ ಗಾಜಿನಲ್ಲಿದೆ. ಬಸ್ಸಿನ ಪಾರ್ಸೆಲ್‌ಗೆ ಮಾನಿಟರ್ ಹಾಕಬೇಡಿ, ಕೊಳ್ಳುವವರೇ ಬಂದು ಒಯ್ಯಲಿ. ಬಂದವರೆದುರು ಯಂತ್ರ ಓಡಿಸಿ ತೋರಿಸಿ. ಬದಲಿಸಿದ ಕೆಪಾಸಿಟರ್, ತೆಗೆದ ಬ್ಯಾಟರಿ, ಒರೆಸಿದ ಜಾಗ ಎಲ್ಲವನ್ನೂ ರಸೀದಿಯಲ್ಲಿ ಬರೆದು, ಮೊದಲ ದಿನ ತೆಗೆದ ಫೋಟೊಗಳನ್ನೂ ಕಿತ್ತ ಹಳೆಯ ಭಾಗಗಳ ಚೀಲವನ್ನೂ ಜೊತೆಗೆ ಕೊಡಿ. ಬ್ಯಾಟರಿಯನ್ನು ಮಾತ್ರ ಆ ಚೀಲದಲ್ಲಿ ಹಾಕಬೇಡಿ.